ಕ್ಷೌರದಂಗಡಿಯ ಮೀನಿನ ಬಿಡಾರ

ಮೀನಿಗೆ ಮನುಷ್ಯರ ಮುಖದ ಗುರುತು ಹತ್ತುತ್ತದೆಯೇ? ಅಕ್ಕ ಕೇಳಿದ ಈ ಪ್ರಶ್ನೆಗೆ ಇಲ್ಲಿ ಉತ್ತರವಿಲ್ಲ. ಕೆಲವು ಜಾತಿಯ ಮೀನುಗಳು ಒಂದು ಮುಖವನ್ನು ಇನ್ನೊಂದರಿಂದ ಬೇರ್ಪಡಿಸಬಲ್ಲವೆಂದು ಪ್ರಯೋಗಗಳು ಹೇಳುತ್ತವೆ. ಬೇರ್ಪಡಿಸುವುದಕ್ಕೂ ಗುರುತು ಹಿಡಿಯುವುದಕ್ಕೂ ನಡುವಿನ ಅಂತರ ಎಷ್ಟೆಂದು ಅವು ಹೇಳುವುದಿಲ್ಲ.

ಅಕ್ಕನ ತಮ್ಮ ಸೋರುವ ಮೀನುತೊಟ್ಟಿಗಳನ್ನೂ ತೋಟದ ಕೊಳಗಳನ್ನೂ ದುರಸ್ತಿ ಮಾಡುತ್ತಿದ್ದ. ಬೀದಿಯವರ ಬಾಯಲ್ಲಿ ಅವನು ಅಂಟಣ್ಣ. ಗಾಜಿನ ಮೂಲೆಯ ಹಳೆಯ ಅಂಟನ್ನು ಬ್ಲೇಡಿನಿಂದ ಕೆರೆದು, ಹೊಸದನ್ನು ಬೆರಳಿನಿಂದ ನೀವಿ, ಒಣಗಲು ಬಿಟ್ಟನೆಂದರೆ ಮನೆಯಿಡೀ ಹುಳಿ ವಾಸನೆ. ಅಷ್ಟು ದಿನವೂ ಮೀನುಗಳಿಗೆ ಅವನ ಮನೆಯೇ ಬಿಡಾರ. ನಡುಮನೆಯ ತುಂಬ ಟಬ್ಬುಗಳು, ಗಾಳಿಪಂಪುಗಳ ಗುಳುಗುಳು. ಮಧ್ಯಾಹ್ನದ ಬಿಸಿಲು ನೀರಿಗೆ ಬಿದ್ದು ಸೂರಿನ ಮೇಲೆ ಅಲೆಯಾಡುವಾಗ, ಮಲಗಿದ ಅಕ್ಕನಿಗೆ ತಾನೇ ಯಾವುದೋ ನೀರಿನ ತಳದಲ್ಲಿದ್ದುಕೊಂಡು ಮೇಲಿನ ಲೋಕವನ್ನು ನೋಡುತ್ತಿರುವಂತೆ ಅನಿಸುತ್ತಿತ್ತು.

ಗಂಡ ತೀರಿದ ಮೇಲೆ ತಮ್ಮನ ಮನೆ ಸೇರಿದವಳು ಅವಳು. ಬಂದಂದಿನಿಂದ ಏನನ್ನೂ ಬೇಕೆಂದು ಬಾಯಿ ಬಿಟ್ಟು ಕೇಳಿರಲಿಲ್ಲ. ಕೇಳಿದರೆ ಹಂಗು, ಹಂಗಿನ ತುತ್ತು ಗಂಟಲಿಗೆ ಇಳಿಯದು ಎಂದು ನಂಬಿದವಳು.

ಹೀಗಿರುವಾಗ ಕ್ಷೌರದಂಗಡಿಯ ತೊಟ್ಟಿ ಸೋರತೊಡಗಿ, ಅದರ ಒಂಟಿ ಮೀನು ಅವಳ ಮಂಚದ ಪಕ್ಕದ ಟಬ್ಬಿಗೆ ಬಂತು. ಅಂಗೈಯುದ್ದದ ಕೆಂಪು ಮೀನು. ಒಂದು ಕಣ್ಣಿಗೆ ಪೊರೆ. ಅಕ್ಕ ಬಗ್ಗಿದರೆ ಸಾಕು, ಮೇಲೆ ತೇಲಿ ಬಂದು ಬಾಯಿ ಆಡಿಸುತ್ತಿತ್ತು.

“ನಾನು ಬಂದ್ರೆ ಮಾತ್ರ ಬರುತ್ತೆ ಕಣೋ. ಅದಕ್ಕೆ ನನ್ನ ಮುಖ ಗೊತ್ತು.”

“ಮುಖ ಅಲ್ಲಕ್ಕ, ನಿನ್ನ ಕೈಲಿರೋ ಕಾಳು ಗೊತ್ತು.”

“ಹಾಗಂದ್ರೆ ನೀನೂ ಅಷ್ಟೇ. ಊಟಕ್ಕೆ ಕರೆದಾಗ ಮಾತ್ರ ಅಕ್ಕ ಕಾಣ್ತಾಳೆ ನಿನಗೆ.”

ತೊಟ್ಟಿ ಸಿದ್ಧವಾಯಿತು. ನೀರು ತುಂಬಿಸಿ ಒಂದು ದಿನ ಹಳೆಯ ಪತ್ರಿಕೆಗಳ ಮೇಲೆ ಇಡುವುದು ಅಂಟಣ್ಣನ ಪದ್ಧತಿ. ಪತ್ರಿಕೆ ಒಣಗಿದ್ದರೆ ಮರುದಿನವೇ ಮೀನು ಒಡೆಯನ ಪಾಲು. ಅವನು ಚಹಾ ಕುಡಿಯಲು ಹೊರಟ ಹೊತ್ತಿನಲ್ಲಿ ಅಕ್ಕ ನಿದ್ದೆಗಣ್ಣಿನಲ್ಲಿ ನಡೆಯುವವಳಂತೆ ಎದ್ದು, ಕುಡಿಯುವ ನೀರಿನ ಲೋಟಕ್ಕೆ ಬೆರಳದ್ದಿ, ತೊಟ್ಟಿಯ ಮೂಲೆಗೆ ತಾಗಿದ ಪತ್ರಿಕೆಯ ಮೇಲೆ ಹನಿಸಿದಳು.

ಅಂಟಣ್ಣ ಬಂದು ಒದ್ದೆ ನೋಡಿದ. ನೀರು ಚೆಲ್ಲಿ ಬ್ಲೇಡು ಹಿಡಿದ. ಮತ್ತೆ ಹುಳಿ ವಾಸನೆ, ಮತ್ತೆ ಪತ್ರಿಕೆ, ಮತ್ತೆ ಲೋಟ. ಮೀನು ಉಳಿಯಿತು, ತಮ್ಮನ ಹೆಸರು ಉಳಿಯಲಿಲ್ಲ.

“ಏನ್ ಅಂಟಣ್ಣ, ಅಂಟು ಅಂತ ಗಂಜಿ ಹಚ್ತಿದ್ದೀಯೇನು?” ಕ್ಷೌರದಂಗಡಿಯವನು ಬಾಗಿಲಲ್ಲೇ ನಿಂತು ಕೇಳಿದ.

“ಕೈ ಸರಿಯಿಲ್ಲಪ್ಪ. ವಯಸ್ಸಾಯ್ತು ನೋಡು.”

ಒಳಗಿದ್ದ ಅಕ್ಕನಿಗೆ ಈ ಮಾತು ಕೇಳಿಸಿತು. ಈಗಲೇ ಹೇಳಿಬಿಡಬೇಕು ಎಂದುಕೊಂಡಳು. ಮಾತು ತುಟಿಯವರೆಗೆ ಬಂದದ್ದು, ಟಬ್ಬಿನತ್ತ ಕಣ್ಣು ಹರಿದೊಡನೆ ಹಿಂದೆ ಸರಿಯಿತು.

ಕೊನೆಗೆ ಅಂಟಣ್ಣ ಹೊಸ ತೊಟ್ಟಿಯೊಂದನ್ನು ಕಟ್ಟಿ, ಅದರಲ್ಲಿ ಎಳೆಯ ಮೀನುಗಳನ್ನು ಬಿಟ್ಟು, ತಾನೇ ಅಂಗಡಿಗೆ ಒಪ್ಪಿಸಿ ಬಂದ. ಹಳೆಯದು ತನ್ನ ಕೈಗೆ ಬಗ್ಗಲಿಲ್ಲ, ಮುದಿ ಮೀನು ಸಾಗಿಸಿದರೆ ಸಾಯುತ್ತದೆ, ಇಲ್ಲೇ ಇರಲಿ ಎಂದು ಅಕ್ಕನಿಗೆ ಹೇಳಿದ. ಸುದ್ದಿ ಹಬ್ಬಿ, ಹಲವರು ಬೇರೆ ಕೆಲಸಗಾರನನ್ನು ಹುಡುಕಿಕೊಂಡರು. ಕೆಂಪು ಮೀನು ಅಕ್ಕನ ಮಂಚದ ಪಕ್ಕದಲ್ಲೇ ಬಹುಕಾಲ ಬದುಕಿ ತೀರಿತು. ಕೆಲವು ವರ್ಷಗಳ ಬಳಿಕ, ಅಲೆಯಾಡುವ ಸೂರಿನ ಕೆಳಗೆ, ಮಧ್ಯಾಹ್ನದ ನಿದ್ದೆಯಲ್ಲೇ ಅಂಟಣ್ಣನೂ ಹೋದ.

ಸಾವಿನ ಮನೆಗೆ ಬಂದ ಕ್ಷೌರದಂಗಡಿಯವನ ಮುಂದೆ ಅಕ್ಕ ಬಾಯಿ ಬಿಟ್ಟಳು.

“ರಿಪೇರಿ ಆದ್ಮೇಲೆ ನಿನ್ನ ತೊಟ್ಟಿ ಸೋರ್ತಿರ್ಲಿಲ್ಲ. ನಾನೇ ನೀರು ಹನಿಸ್ತಿದ್ದೆ. ಅವನ ಹೆಸರು ಕೆಡಿಸಿದವಳು ನಾನು.”

“ಅವನಿಗೆ ಗೊತ್ತಿತ್ತಕ್ಕ. ಹೊಸ ತೊಟ್ಟಿ ತಂದ ದಿನ ಹೇಳಿದ್ದ. ಯಾರಿಗೂ ಹೇಳ್ಬೇಡ ಅಂತ ಮಾತು ತಗೊಂಡಿದ್ದ.”

ಎರಡನೆಯ ಪರೀಕ್ಷೆಯಿಂದಲೇ ಅಂಟಣ್ಣ ತೊಟ್ಟಿಯ ನೀರಿಗೆ ಹಿಡಿ ಹಿಡಿ ಉಪ್ಪು ಕರಗಿಸುತ್ತಿದ್ದನಂತೆ. ಸೋರಿದ ನೀರಾಗಿದ್ದರೆ ಪತ್ರಿಕೆ ಒಣಗಿದ ಮೇಲೆ ಒದ್ದೆಯ ಸುತ್ತ ಬಿಳಿಯ ಅಂಚು ಉಳಿಯಬೇಕು. ಪ್ರತಿ ಸಲವೂ ಅವನು ಆ ಹಾಳೆಯನ್ನು ಬಿಸಿಲಿಗೆ ಒಣಹಾಕಿ ನೋಡಿದ್ದ. ಒಂದು ಸಲವೂ ಉಪ್ಪು ಕಂಡಿರಲಿಲ್ಲ.