ಅರವತ್ತರಲ್ಲಿ ಬಂದ ನಡುಕ

ಬೆಳಗಿನ ಐದಕ್ಕೆ ಹತ್ತು ನಿಮಿಷ ಬಾಕಿ. ತಗಡಿನ ಶೆಡ್ಡಿನಲ್ಲಿ ಬಿಳಿ ವ್ಯಾನೊಂದು ಹಿಂಭಾಗ ಎತ್ತಿಕೊಂಡು ನಿಂತಿದೆ. ಹಿಂದಿನ ಎರಡೂ ಚಕ್ರಗಳನ್ನು ಬಿಚ್ಚಿ ಗೋಡೆಗೆ ಒರಗಿಸಲಾಗಿದೆ. ಆಕ್ಸಲ್ ಕೆಳಗೆ ಎರಡು ಕಬ್ಬಿಣದ ಸ್ಟ್ಯಾಂಡ್, ಮುಂದಿನ ಚಕ್ರಗಳಿಗೆ ಕಲ್ಲಿನ ಅಡ್ಡ. ಡ್ರೈವರ್ ಸೀಟಿನಲ್ಲಿ ತಮ್ಮ ಕುಳಿತಿದ್ದಾರೆ. ಪಕ್ಕದಲ್ಲಿ, ಹರಕು ಚೀಲ ಹಾಸಿಕೊಂಡು ಮಂಡಿಯೂರಿ, ಟಾರ್ಚ್ ಬೆಳಕನ್ನು ಗಾಡಿಯ ಹೊಟ್ಟೆಯಡಿಗೆ ಬಿಟ್ಟುಕೊಂಡಿರುವವರು ಅಕ್ಕ.

“ಐವತ್ತು,” ಮೀಟರ್ ನೋಡಿ ತಮ್ಮ ಕೂಗುತ್ತಾರೆ. ಗಾಡಿ ಸುಮ್ಮನೆ ಗುಂಯ್‌ಗುಡುತ್ತಿದೆ. “ಐವತ್ತೈದು... ಅರವತ್ತು, ಅಕ್ಕಾ!”

ಕಿಟಕಿ ಗಾಜುಗಳೆಲ್ಲ ಒಟ್ಟಿಗೆ ಗಡಗಡ ಎನ್ನುತ್ತವೆ. ಖಾಲಿ ಸೀಟುಗಳು ಜ್ವರ ಬಂದವರಂತೆ ನಡುಗುತ್ತವೆ.

“ನಿಲ್ಸು, ನಿಲ್ಸು. ಚಕ್ರದ್ದಲ್ಲ ಕಣೋ ಇದು. ಚಕ್ರ ಬಿಚ್ಚಿಟ್ರೂ ನಡುಗ್ತಾ ಇದೆ.”

ಅಕ್ಕ ಎದ್ದು ಗಡಿಯಾರ ನೋಡುತ್ತಾರೆ. ಆರೂಕಾಲಿಗೆ ಈ ವ್ಯಾನು ಹೊರಡಬೇಕು. ಮೂತ್ರಪಿಂಡ ಕೈಕೊಟ್ಟ ಆರು ಮಂದಿಯನ್ನು ಮನೆಮನೆಯಿಂದ ಹತ್ತಿಸಿಕೊಂಡು, ಘಾಟಿ ಇಳಿದು, ಏಳೂವರೆಗೆ ಡಯಾಲಿಸಿಸ್ ಕೇಂದ್ರ ಮುಟ್ಟಬೇಕು. ವಾರಕ್ಕೆ ಮೂರು ದಿನ ಇದೇ ಓಟ. ಒಂದು ಪಾಳಿ ತಪ್ಪಿದರೆ ಮೈಯಲ್ಲಿ ನೀರು ತುಂಬಿ ಉಸಿರಿಗೆ ಸಂಚಕಾರ. ಇವತ್ತು ಆ ದಿನ.

ಓಡಿಸುವ ತಮ್ಮನನ್ನು ಆ ಆರು ಮಂದಿಗೂ ಗೊತ್ತು. ಗಾಡಿಯನ್ನು ಓಡುವಂತೆ ಇಟ್ಟಿರುವ ಅಕ್ಕನನ್ನು ಅವರಲ್ಲಿ ಯಾರೂ ನೋಡಿಯೇ ಇಲ್ಲ. ಗ್ಯಾರೇಜಿನ ಓಣಿಯಲ್ಲಿ ಮಾತ್ರ ‘ಗ್ರೀಸಕ್ಕ’ ಎಂದರೆ ಸಾಕು, ಯಾರು ಬೇಕಾದರೂ ಶೆಡ್ ತೋರಿಸುತ್ತಾರೆ.

ಗ್ರೀಸಕ್ಕನಿಗೆ ಈಗ ನಲವತ್ತೇಳು. ಹತ್ತೊಂಬತ್ತಕ್ಕೆ ಬಸ್ ಮಾಲೀಕರೊಬ್ಬರ ಶೆಡ್ಡಿಗೆ ಬಿಡಿಭಾಗ ತೊಳೆಯಲು ಸೇರಿದರು. ಸೀಮೆಎಣ್ಣೆಯ ತೊಟ್ಟಿ, ಒಂದು ಬ್ರಷ್, ಎದುರಿಗೆ ರಾಶಿ ಬಿದ್ದ ಗೇರುಗಳು. ನಾಲ್ಕು ವರ್ಷ ಅವರ ಕೈಗೆ ಯಾರೂ ಸ್ಪ್ಯಾನರ್ ಕೊಡಲಿಲ್ಲ. “ಕೊಡದಿದ್ದದ್ದೇ ಒಳ್ಳೇದಾಯ್ತು ಬಿಡಿ,” ಎನ್ನುತ್ತಾರೆ. “ಬಿಚ್ಚೋನಿಗೆ ಅವಸರ, ಜೋಡ್ಸೋನಿಗೂ ಅವಸರ. ತೊಳೆಯೋಳಿಗೆ ಮಾತ್ರ ಪುರುಸೊತ್ತು. ಯಾವ ಹಲ್ಲು ಎಲ್ಲಿ ಸವೆದಿದೆ, ಯಾಕೆ ಸವೆದಿದೆ ಅಂತ ನನ್ನ ಬೆರಳಿಗೆ ಮೊದಲು ಗೊತ್ತಾಗ್ತಿತ್ತು.” ಒಂದು ದಿನ ಮುಖ್ಯ ಮೇಸ್ತ್ರಿ ತಲೆ ಕೆರೆದುಕೊಳ್ಳುತ್ತಿದ್ದಾಗ ತೊಟ್ಟಿಯ ಬಳಿಯಿಂದಲೇ ಕಾರಣ ಹೇಳಿದರು. ಮೇಸ್ತ್ರಿ ಬೈದರು. ಮರುದಿನ ಕರೆದು ಸ್ಪ್ಯಾನರ್ ಕೊಟ್ಟರು.

ಅಲ್ಲಿಂದೀಚೆಗೆ ಆರುನೂರಕ್ಕೂ ಹೆಚ್ಚು ಗಾಡಿಗಳ ಹಿಂದಿನ ಆಕ್ಸಲ್ ಬಿಚ್ಚಿ ಕೂಡಿಸಿದ್ದಾರೆ. ದಿನಕ್ಕೆ ಇಪ್ಪತ್ತು ಸಲವಾದರೂ ಗಾಡಿಯಡಿ ನುಸುಳುತ್ತಾರೆ. ಎಡಗೈ ಹೆಬ್ಬೆರಳ ತುದಿಯನ್ನು ಒಂದು ಲಾರಿಯ ಗೇರು ನುಂಗಿದೆ. ಬಲ ಭುಜ ತಲೆಯ ಮಟ್ಟಕ್ಕಿಂತ ಮೇಲೇಳುವುದಿಲ್ಲ. “ನನ್ನ ಹಸ್ತರೇಖೆ ನೋಡೋಕೆ ಕನ್ನಡಕ ಬೇಡ,” ಎಂದು ಅಂಗೈ ಚಾಚಿ ನಗುತ್ತಾರೆ. ಗ್ರೀಸ್ ಕೂತು ಕೂತು ಗೆರೆಗಳೆಲ್ಲ ಶಾಯಿಯಲ್ಲಿ ಬರೆದಂತಿವೆ.

ಇವತ್ತು ಆ ನಗು ಬಹಳ ಹೊತ್ತು ನಿಲ್ಲುವುದಿಲ್ಲ. ಯಾಕೆಂದರೆ ಈ ನಡುಕ ಹುಟ್ಟಿದ್ದು ಅವರ ಕೈಯಿಂದಲೇ. ಹಿಂದಿನ ಆಕ್ಸಲ್ಲಿನ ಹಳೆಯ ಗೇರುಗಳ ಹಲ್ಲು ಚಕ್ಕೆ ಎದ್ದಿತ್ತು. ಐದು ದಿನಗಳ ಹಿಂದೆ ಹೊಸ ಗೇರಿನ ಜೋಡಿ ಹಾಕಿದರು. ಮರುದಿನದಿಂದಲೇ ಗಾಡಿ ಅರವತ್ತು ಮುಟ್ಟಿದೊಡನೆ ನಡುಗತೊಡಗಿತು. ಚಕ್ರ ಸರಿಯಿಲ್ಲವೇನೋ ಎಂದು ತಮ್ಮ ವೀಲ್ ಬ್ಯಾಲೆನ್ಸ್ ಮಾಡಿಸಿದರು. ಪ್ರಯೋಜನವಾಗಲಿಲ್ಲ. ನಿನ್ನೆ ಸಂಜೆ ಅಕ್ಕನೇ ಪಕ್ಕದಲ್ಲಿ ಕೂತು ರಸ್ತೆಗಿಳಿಸಿದರು. ಅರವತ್ತರಲ್ಲಿ ಗಾಡಿಯನ್ನು ನ್ಯೂಟ್ರಲ್‌ಗೆ ತರಿಸಿದರು. ಎಂಜಿನ್ ಸದ್ದು ಇಳಿಯಿತು, ನಡುಕ ಇಳಿಯಲಿಲ್ಲ. ಅಂದರೆ ಎಂಜಿನ್ನಿನದಲ್ಲ.

“ಗೇರಿನ ಹಲ್ಲು ಸರಿಯಾಗಿ ಕೂತಿಲ್ಲ ಅಂದ್ರೆ ಊಳಿಡತ್ತೆ. ಇದು ಊಳಿಡ್ತಾ ಇಲ್ಲ, ಬರೀ ನಡುಗ್ತಾ ಇದೆ,” ಎಂದು, ಅವರ ಕೆಲಸದ ಬಗ್ಗೆ ಬರೆಯಲು ಬಂದಿರುವ ನನಗೆ ಈಗ ವಿವರಿಸುತ್ತಾರೆ. “ಎಂಜಿನ್ ಅಲ್ಲ, ಚಕ್ರ ಅಲ್ಲ, ಹಲ್ಲಲ್ಲ. ಉಳಿದಿದ್ದು ಶಾಫ್ಟು.” ಎಂಜಿನ್ ಕಡೆಯ ತಿರುಗುವಿಕೆಯನ್ನು ಹಿಂದಿನ ಆಕ್ಸಲ್ಲಿಗೆ ಮುಟ್ಟಿಸುವ ಉದ್ದನೆಯ ಕೊಳವೆ ಅದು.

ಐದೂಕಾಲು. ತಮ್ಮ ಕೆಳಗಿಳಿದು ಬರುತ್ತಾರೆ. “ಅಕ್ಕ, ಐವತ್ತರೊಳಗೆ ಏನೂ ಆಗಲ್ಲ. ಇವತ್ತೊಂದಿನ ನಿಧಾನಕ್ಕೆ ಹೋಗ್ಬರ್ತೀನಿ. ಬಂದ್ಮೇಲೆ ನೋಡು.”

“ಘಾಟಿ ಇಳಿಯೋವಾಗ ಗಾಡಿ ನಿನ್ನ ಮಾತು ಕೇಳತ್ತಾ?”

“ಐದು ದಿನ ಕೇಳಿದೆಯಲ್ಲ! ಮೊದಲ ಮನೆ ಮೇಷ್ಟ್ರು ಆಗಲೇ ಬಾಗಿಲಲ್ಲಿ ಕುರ್ಚಿ ಹಾಕ್ಕೊಂಡು ಕೂತಿರ್ತಾರೆ. ಬರಲ್ಲ ಅಂತ ಅವರಿಗೆ ನಾನು ಹೇಳಲಾ, ನೀನು ಹೇಳ್ತೀಯಾ?”

ಅಕ್ಕ ಗಾಡಿಯ ಕೀಲಿ ತೆಗೆದು ಅಂಗಿಯ ಜೇಬಿಗೆ ಹಾಕಿಕೊಳ್ಳುತ್ತಾರೆ. “ಆಸ್ಪತ್ರೆಗೆ ಫೋನ್ ಮಾಡು. ಎಷ್ಟು ಹೊತ್ತು ತಡೀತಾರೆ ಕೇಳು.” ಇಷ್ಟು ಹೇಳಿ ಗಾಡಿಯಡಿ ನುಸುಳುತ್ತಾರೆ.

ಅಲ್ಲಿಂದ ಕೇಳಿಬರುವ ಮಾತು ನನ್ನನ್ನು ಬೆಚ್ಚಿಸುತ್ತದೆ. “ಅಯ್ಯೋ, ನಾನು ಗುರುತೇ ಹಾಕಿಲ್ಲ!”

ಶಾಫ್ಟ್ ಬಿಚ್ಚುವ ಮೊದಲು ಅದರ ಮೇಲೂ, ಅದನ್ನು ಹಿಡಿದಿರುವ ಬಿಲ್ಲೆಯ ಮೇಲೂ ಉಳಿಯಿಂದ ಒಂದು ಗೀರು ಹಾಕುವುದು ಅವರ ರೂಢಿ. ಗೀರಿಗೆ ಗೀರು ಕೂಡಿಸಿದರೆ ಮೊದಲಿದ್ದಂತೆಯೇ ಕೂರುತ್ತದೆ. ಐದು ದಿನಗಳ ಹಿಂದೆ ಗೇರು ಬದಲಿಸಲು ಶಾಫ್ಟ್ ಬಿಚ್ಚಿದಾಗ ಗೀರು ಹಾಕಿಲ್ಲ. ನಾಲ್ಕು ಬೋಲ್ಟಿನ ಬಿಲ್ಲೆ ಅದು, ನಾಲ್ಕು ರೀತಿಯಲ್ಲಿ ಕೂರಬಹುದು. ಬಿಲ್ಲೆಯ ಒಂದು ಬದಿಯ ಭಾರದ ಕೊರತೆಯನ್ನು ಅದೇ ಬದಿಯಲ್ಲಿ ಶಾಫ್ಟಿಗಿದ್ದ ಹೆಚ್ಚು ಭಾರ ಇಷ್ಟು ವರ್ಷ ಸರಿದೂಗಿಸಿಕೊಂಡು ಬಂದಿತ್ತು. ಈಗ ಎರಡರ ಭಾರವೂ ಒಂದೇ ಕಡೆಗೆ ಸೇರಿದೆ.

ಬೋಲ್ಟ್ ಬಿಚ್ಚಿ ಕಾಲು ಸುತ್ತು ತಿರುಗಿಸಿ ಕಟ್ಟುತ್ತಾರೆ. ಈಚೆ ಬಂದು ಕೀಲಿ ಕೊಡುತ್ತಾರೆ. ಅರವತ್ತಕ್ಕೆ ಗಾಡಿ ಮತ್ತೆ ನಡುಗುತ್ತದೆ. ತಮ್ಮ ಸ್ಟಿಯರಿಂಗ್ ಮೇಲೆ ಹಣೆ ಇಟ್ಟುಬಿಡುತ್ತಾರೆ. ಕೀಲಿ ಮತ್ತೆ ಅಕ್ಕನ ಜೇಬಿಗೆ, ಅಕ್ಕ ಮತ್ತೆ ಗಾಡಿಯಡಿಗೆ. ಇನ್ನೂ ಕಾಲು ಸುತ್ತು. ಈ ಸಲ ಅರವತ್ತು ದಾಟುತ್ತದೆ, ಅರವತ್ತೈದು ದಾಟುತ್ತದೆ. ಗಾಜು ಸದ್ದೆತ್ತುವುದಿಲ್ಲ.

“ಹೋಯ್ತು! ಅಕ್ಕಾ, ಹೋಯ್ತು!” ತಮ್ಮ ಆಗಲೇ ಚಕ್ರ ಉರುಳಿಸಿಕೊಂಡು ಬರುತ್ತಿದ್ದಾರೆ. ಐದು ಐವತ್ತು.

ಅಕ್ಕ ಮಾತ್ರ ಅಂಗೈ ಎತ್ತಿ ತಡೆಯುತ್ತಾರೆ. ಟಾರ್ಚ್ ಬೆಳಕಿನಲ್ಲಿ ಬೆರಳ ತುದಿ ತೋರಿಸುತ್ತಾರೆ. ಅಲ್ಲಿ ಅರಿಸಿನಕ್ಕೂ ಇಟ್ಟಿಗೆಗೂ ನಡುವಿನ ಬಣ್ಣದ ಸಣ್ಣ ತುಕ್ಕಿನ ಪುಡಿ. ಶಾಫ್ಟಿನ ಗಂಟಿನಲ್ಲಿರುವ ಅಡ್ಡಕೀಲಿನ ಬೇರಿಂಗ್ ಐದು ದಿನದ ನಡುಕಕ್ಕೆ ಒಳಗೇ ಪುಡಿಯಾಗಿದೆ. “ಇದು ಮುರಿದ್ರೆ ಶಾಫ್ಟ್ ಕಳಚಿ ರಸ್ತೆಗೆ ಚುಚ್ಚತ್ತೆ ಕಣೋ. ಇಳಿಜಾರಲ್ಲಿ.” ಅವರ ಧ್ವನಿ ತಗ್ಗುತ್ತದೆ. “ಇಷ್ಟು ದಿನ ನೀನೂ ಅದರ ಮೇಲೇ ಕೂತಿದ್ದೆ.”

ತಮ್ಮ ಚಕ್ರವನ್ನು ಮೆಲ್ಲಗೆ ನೆಲಕ್ಕೆ ಮಲಗಿಸುತ್ತಾರೆ. ಆಸ್ಪತ್ರೆಯ ನರ್ಸ್ ಎಂಟರವರೆಗೆ ತಡೆಯುತ್ತೇವೆ, ಆಮೇಲೆ ಮುಂದಿನ ಪಾಳಿಯವರು ಬರುತ್ತಾರೆ ಎಂದಿದ್ದಾರೆ.

ಹೊಸ ಅಡ್ಡಕೀಲು ಕಪಾಟಿನಲ್ಲಿ ಇದೆ. ಹಳೆಯದು ಮಾತ್ರ ಜಪ್ಪಯ್ಯ ಎಂದರೂ ಬರುವುದಿಲ್ಲ. ಬಲ ಭುಜ ಏಳದ್ದರಿಂದ ಅಕ್ಕ ಎಡಗೈಯಲ್ಲಿ ಸುತ್ತಿಗೆ ಹಿಡಿಯುತ್ತಾರೆ. ಆರನೆಯ ಏಟಿಗೆ ಅದು ಹೊರಬಿದ್ದಾಗ ಆರು ಗಂಟೆ ಹದಿನೆಂಟು. ಹೊಸದನ್ನು ಕೂರಿಸಿ, ಗ್ರೀಸ್ ತುಂಬಿ, ಈ ಸಲ ಗೀರು ಹಾಕಿ, ಬೋಲ್ಟ್ ಬಿಗಿದು, ಚಕ್ರ ಏರಿಸುವಷ್ಟರಲ್ಲಿ ಆರೂ ನಲವತ್ತು.

ಪರೀಕ್ಷೆಗೆಂದು ಬೇರೆಯಾಗಿ ಓಡಿಸಲು ಸಮಯವಿಲ್ಲ. “ಮೊದಲ ಮನೆವರೆಗಿನ ನೇರ ರಸ್ತೆಲೇ ನೋಡ್ತೀನಿ. ಒಂಚೂರು ನಡುಗಿದ್ರೂ ಯಾರನ್ನೂ ಹತ್ತಿಸ್ಬೇಡ,” ಎಂದು ಅಕ್ಕ ಹಿಂದಿನ ಸೀಟಿನಲ್ಲಿ ಕೂರುತ್ತಾರೆ. ಚಪ್ಪಲಿ ಬಿಟ್ಟು ಎರಡೂ ಪಾದಗಳನ್ನು ನೆಲಕ್ಕೆ ಒತ್ತಿ, ಕಣ್ಣು ಮುಚ್ಚುತ್ತಾರೆ. ಐವತ್ತು. ಅರವತ್ತು. ಎಪ್ಪತ್ತು. ನಾನು ಪಕ್ಕದ ಸೀಟಿನಿಂದ ನೋಡುತ್ತಿದ್ದೇನೆ. ಅಕ್ಕ ಕಣ್ಣು ತೆರೆಯುತ್ತಾರೆ. “ಹ್ಞೂಂ. ಹೋಗು.”

ಮೊದಲ ಮನೆಯಲ್ಲಿ ಮೇಷ್ಟ್ರು ಹತ್ತುತ್ತಾರೆ. ಸೂಜಿಯ ಗಂಟುಗಳೆದ್ದ ಎಡಗೈಯನ್ನು ಬಲಗೈಯಲ್ಲಿ ಹಿಡಿದುಕೊಂಡೇ ಕೂರುತ್ತಾರೆ. ಗಾಡಿಯ ನಡುಕಕ್ಕೆ ಕೈ ನೋಯದಿರಲೆಂದು ಐದು ದಿನದಿಂದ ವ್ಯಾನಿನಲ್ಲಿ ಅವರು ಹೀಗೆಯೇ ಕೂರುತ್ತಿದ್ದಾರಂತೆ. “ಯಾಕಪ್ಪ ಇಷ್ಟು ತಡ?” ಎಂದು ಗದರುತ್ತಾರೆ.

ತಮ್ಮ ಬಾಯಿ ತೆರೆಯುವ ಮೊದಲೇ ಅಕ್ಕ ಹೇಳುತ್ತಾರೆ: “ನನ್ನಿಂದ ಮೇಷ್ಟ್ರೇ. ಗೇರು ಹಾಕುವಾಗ ನಾನೇ ತಪ್ಪು ಮಾಡಿದ್ದೆ. ನಿಮ್ಮನ್ನ ನಡುಗಿಸಿದ್ದು ನಾನೇ. ಈಗ ಸರಿ ಮಾಡಿದೀನಿ.”

ಮೇಷ್ಟ್ರು ಅವರ ಕಪ್ಪು ಕೈಗಳನ್ನೇ ನೋಡುತ್ತಾರೆ. “ಉತ್ತರ ತಿದ್ದಿ ಬರೆದವರಿಗೆ ನಾನು ಯಾವತ್ತೂ ಅಂಕ ಕಳೆದಿಲ್ಲಮ್ಮ.”

ಉಳಿದ ಐವರೂ ಹತ್ತುತ್ತಾರೆ. ಘಾಟಿಯ ಇಳಿಜಾರಿನುದ್ದಕ್ಕೂ ಅಕ್ಕನ ಪಾದ ನೆಲ ಬಿಟ್ಟು ಕದಲುವುದಿಲ್ಲ. ಕೊನೆಯ ತಿರುವು ದಾಟುವಾಗ ಮೇಷ್ಟ್ರ ಬಲಗೈ ತಾನಾಗಿ ಸಡಿಲಗೊಂಡು ತೊಡೆಯ ಮೇಲೆ ಜಾರುತ್ತದೆ. ತಲೆ ಕಿಟಕಿಗೆ ವಾಲುತ್ತದೆ. ನಿದ್ದೆ. ಏಳೂ ಐವತ್ತಾರಕ್ಕೆ ವ್ಯಾನು ಆಸ್ಪತ್ರೆಯ ಗೇಟು ಸೇರುತ್ತದೆ.

ಎಲ್ಲರೂ ಒಳಗೆ ಹೋದ ಮೇಲೆ ಆವರಣದ ನಲ್ಲಿಯಲ್ಲಿ ಕೈ ತೊಳೆಯುತ್ತ ನಿಂತ ಅಕ್ಕನನ್ನು ಕೇಳುತ್ತೇನೆ: ಇಷ್ಟು ವರ್ಷ ದುಡಿದಿದ್ದೀರಿ, ಜನ ನಿಮ್ಮನ್ನು ಗುರುತಿಸಬೇಕು ಅನ್ನಿಸುವುದಿಲ್ಲವೇ?

“ಗಾಡೀಲಿ ಕೂತೋರಿಗೆ ನಾನು ಯಾಕೆ ನೆನಪಾಗ್ಬೇಕು ಹೇಳಿ?” ಎನ್ನುತ್ತಾರೆ, ಕೈ ಒದರುತ್ತ. “ಏನಾದ್ರೂ ನಡುಗಿದ್ರೆ ತಾನೆ ನನ್ನ ನೆನಪು? ಅವರ ಪಾಡಿಗೆ ಅವರು ನಿದ್ದೆ ಮಾಡ್ಕೊಂಡು ಬರ್ಲಿ.”