ಸೆಲ್ವರಾಜ್ ಆರಿಸಿದ ಗಾಡಿ

ಚಿನ್ನದ ಗಣಿ ಕಾರ್ಮಿಕರ ಮನೆಸಾಲಾದ ಕೋರಮಂಡಲ್ ಲೈನಿನ ಸೆಲ್ವರಾಜನಿಗೆ ಸಿಟ್ಟು ಮೂಗಿನ ತುದಿಯಲ್ಲೇ. ಅಡ್ಡ ಬಂದ ಆಟೋದವನಿಗೆ ಮೊದಲು ತಮಿಳಿನಲ್ಲಿ ಬೈಯುತ್ತಿದ್ದ, ನಾಟದಿದ್ದರೆ ಕನ್ನಡದಲ್ಲಿ, ಅದೂ ಸಾಲದಾದರೆ ತೆಲುಗಿಗೆ ಇಳಿಯುತ್ತಿದ್ದ. ಆದರೆ ಸ್ಟೀರಿಂಗ್ ಹಿಡಿದ ಕೈಗೆ ಮಾತ್ರ ಯಾವತ್ತೂ ಸಿಟ್ಟು ಬಂದದ್ದಿಲ್ಲ. ಹಿಂದೆ ಬಾಣಂತಿ ಮಲಗಿದ್ದರೆ ಅವಳಿಗೆ ಎಚ್ಚರವಾಗದ ಹಾಗೆ ಹಳ್ಳ ದಾಟಿಸುವ ಆಸಾಮಿ.

ಗಣಿ ಮುಚ್ಚಿದ ಮೇಲೆ ಲೈನಿನ ಗಂಡಸರೆಲ್ಲ ಕೆಲಸಕ್ಕೆಂದು ಬೆಳಗಿನ ರೈಲು ಹತ್ತಿದರು. ಇವನು ಹತ್ತಲಿಲ್ಲ. ಬೂದಿಕೋಟೆ ಕಡೆಯ ಬಚ್ಚಪ್ಪನ ಮನೆಗೆ ಡ್ರೈವರಾಗಿ ಸೇರಿಕೊಂಡ. ಹೊಲ, ಹಸು, ಮನೆ ತುಂಬ ಜನ ಇರುವ ಸಂಸಾರ ಅದು. ಆರನೇ ಕ್ಲಾಸಿಗೆ ಸ್ಕೂಲು ಬಿಟ್ಟವನಿಗೆ ಆ ಮನೆಯ ಗಾಡಿಯೇ ಸರ್ಕಾರಿ ನೌಕರಿ. ಬಚ್ಚಪ್ಪನ ತಾಯಿಯ ಹೆಣವನ್ನು ಆಸ್ಪತ್ರೆಯಿಂದ ತಂದವನು ಅವನೇ, ಮೊಮ್ಮಗಳು ಲಿಖಿತ ಹುಟ್ಟಿದಾಗ ಅವಳನ್ನು ಮನೆಗೆ ತಂದವನೂ ಅವನೇ.

ಹಾಳು ಸಕ್ಕರೆ ಕಾಯಿಲೆ ಬಂದು ಅವನ ಎಡಗಾಲು ತಿಂದಿತು. ಕಾಲೇನೋ ಇತ್ತು, ಅದರಲ್ಲಿ ಜೀವ ಇರಲಿಲ್ಲ. ಒಂದು ಸಂಜೆ ಆಂಡರ್ಸನ್‌ಪೇಟೆಯಿಂದ ನಡೆದು ಮನೆಗೆ ಬಂದರೆ ಎಡಗಾಲಿನ ಚಪ್ಪಲಿಯೇ ಇಲ್ಲ. ಎಲ್ಲಿ ಬಿತ್ತೆಂದು ಅವನಿಗೇ ಗೊತ್ತಿಲ್ಲ. ಹೆಂಡತಿ ಶ್ಯಾಮಲ ಅಂಗಾಲಿನಿಂದ ಗಾಜಿನ ಚೂರು ಕೀಳುತ್ತಿದ್ದರೆ ಇವನು ಟಿವಿ ನೋಡುತ್ತ ಕೂತಿದ್ದ.

ಆದರೂ ಹಳೇ ಗಾಡಿ ಓಡಿಸುತ್ತಿದ್ದ. ಅದರ ಕ್ಲಚ್ಚು ಎಲ್ಲಿ ಹಿಡಿಯುತ್ತದೆ, ಎಲ್ಲಿ ಬಿಡುತ್ತದೆ ಅನ್ನುವುದು ಪಾದಕ್ಕಲ್ಲ, ತೊಡೆಗೆ ರೂಢಿಯಾಗಿತ್ತು. ಯಾರಿಗೂ ಗೊತ್ತಾಗಲಿಲ್ಲ. ಅಷ್ಟರಲ್ಲಿ ಆ ಗಾಡಿಗೆ ವಯಸ್ಸಾಯಿತು, ಬಚ್ಚಪ್ಪ ಹೊಸದು ತರಲು ಹೊರಟ.

ಮನೆಮಂದಿಯೆಲ್ಲ ಕೂರುವಂಥ ದೊಡ್ಡ ಗಾಡಿ. ಮೈ, ಬಣ್ಣ, ಸೀಟು ಎಲ್ಲ ಒಂದೇ, ಡೀಸೆಲ್ ಇಂಜಿನ್ ಮಾತ್ರ ಎರಡು ತರ. ಶಕ್ತಿ ಕಮ್ಮಿ ಇರುವುದಕ್ಕೆ ಗೇರು, ಕ್ಲಚ್ಚು. ಶಕ್ತಿ ಜಾಸ್ತಿ ಇರುವುದು ಆಟೋಮ್ಯಾಟಿಕ್, ಎಡಗಾಲಿಗೆ ಕೆಲಸವೇ ಇಲ್ಲ.

"ಎನ್ನಂಗ, ಆ ಆಟೋಮ್ಯಾಟಿಕ್ಕೇ ತಗೊಳ್ಳಿ ಅಂತ ಒಂದ್ ಮಾತು ಹೇಳಿಬಿಡಿ," ಎಂದಳು ಶ್ಯಾಮಲ. "ನೀವ್ ಹೇಳಿದ್ರೆ ಅವ್ರು ಇಲ್ಲ ಅನ್ನಲ್ಲ."

"ಹೇಳ್ತೀನಿ ಕಣೇ. ಪ್ರಾಣ ತಿನ್ಬೇಡ."

ಹೇಳಬೇಕೆಂದೇ ಹೋದ. ಬಚ್ಚಪ್ಪ ಮೂರು ಹೊತ್ತು ಹಾಲು ಕರೆದು ನೋಡದೆ ಹಸು ತಂದವನಲ್ಲ. ಗಾಡಿಗೂ ಅದೇ ಕಾನೂನು. ಶೋರೂಮಿನವರು ಬೇಡ ಬೇಡ ಎಂದರೂ ಹೆಂಡತಿ ವೆಂಕಟರತ್ನಮ್ಮ, ಮೊಮ್ಮಗಳು, ಎರಡು ತುಂಬಿದ ಹಾಲಿನ ಕ್ಯಾನು, ಎಲ್ಲವನ್ನೂ ಹತ್ತಿಸಿದ. "ಬರೀ ಗಾಡಿ ಕತ್ತೆನೂ ಎಳೀತದೆ. ಒರೆ ಒರಿಸಿ ನೋಡ್ಬೇಕು ಕಣ್ರಯ್ಯಾ."

ಮೊದಲು ಆಟೋಮ್ಯಾಟಿಕ್. ಸೆಲ್ವರಾಜನ ಎಡಗಾಲು ನೆಂಟರ ಮನೆಗೆ ಬಂದ ಹಾಗೆ ಸುಮ್ಮನೆ ಕೂತಿತ್ತು. ಎಷ್ಟೋ ತಿಂಗಳ ಮೇಲೆ ಅವನ ಎದೆ ಹಗುರಾಯಿತು. ಸಾಯುವತನಕ ಓಡಿಸಬಹುದು ಎಂದುಕೊಂಡ. ಬಾಯಿ ತೆರೆಯಬೇಕು, ಅಷ್ಟರಲ್ಲಿ ಹಿಂದಿನಿಂದ ಲಿಖಿತ ಕುಣಿದಳು. "ತಾತ, ಇದಾದ್ರೆ ನಾನೇ ಓಡಿಸ್ತೀನಿ! ಸ್ಕೂಟಿ ಇದ್ದಂಗೇ ಇದೆ."

ಬಚ್ಚಪ್ಪ ನಕ್ಕ. "ಕೇಳುದ್ಯೇನ್ಲಾ ಸೆಲ್ವ? ಇನ್ಮೇಲೆ ಮೊಮ್ಮಗಳೇ ಡ್ರೈವರು. ನೀನು ಕೊಟ್ಟಿಗೇಲಿ ಸಗಣಿ ಬಾಚ್ಕಂಡಿರು!"

ಗಾಡಿಯಲ್ಲಿದ್ದವರೆಲ್ಲ ನಕ್ಕರು. ಸೆಲ್ವರಾಜನ ಕಿವಿ ಕಾದುಹೋಯಿತು. ಎಲ್ಲರಿಗೂ ಓಡಿಸಲು ಬರುವ ಗಾಡಿಗೆ ತಾನು ಯಾತಕ್ಕೆ? ಅವನ ತಲೆಯಲ್ಲಿ ಅದೊಂದೇ ಸುತ್ತತೊಡಗಿತು.

ಆಮೇಲೆ ಕ್ಲಚ್ಚಿನ ಗಾಡಿ. ಅವತ್ತು ಓಡಿಸಿದ ಹಾಗೆ ಅವನು ಜೀವಮಾನದಲ್ಲಿ ಓಡಿಸಿರಲಿಲ್ಲ. ಹಲ್ಲು ಕಚ್ಚಿ, ಕಿವಿಯನ್ನೇ ಕಾಲು ಮಾಡಿಕೊಂಡು, ಇಂಜಿನ್ನಿನ ಸದ್ದು ಕೇಳಿ ಕೇಳಿ ಗೇರು ಹಾಕಿದ. ಏರಿನಲ್ಲಿ ಕ್ಯಾನಿನ ಹಾಲು ತುಳುಕಲಿಲ್ಲ.

"ಈಗ ಏಳ್ಲಾ, ಯಾವ್ದು ತಗಳಾಣ?" ಬಚ್ಚಪ್ಪ ಕೇಳಿದ. "ನೀನು ಏಳುದ್ದೇ ಕೊನೆ."

"ಗೇರಿಲ್ಲದ ಗಾಡಿ ಗಾಡಿಯೇನಣ್ಣಾ? ಅದು ಜೋಕಾಲಿ! ನಮಗೆ ಈ ಇಂಜಿನ್ ಸಾಕು."

ಅಲ್ಲಿಗೆ ಮುಗಿಯಿತು. ಆಟೋಮ್ಯಾಟಿಕ್ ತಗೊಳ್ಳಲ್ಲವಂತೆ ಎಂದಷ್ಟೇ ಶ್ಯಾಮಲಳಿಗೆ ಹೇಳಿದ. ಬೇಡ ಎಂದವನು ತಾನೇ ಎಂಬುದನ್ನು ನುಂಗಿಕೊಂಡ.

ಗಾಡಿ ಮನೆಗೆ ಬಂದು ವಾರವಾಗಿರಲಿಲ್ಲ. ವೆಂಕಟರತ್ನಮ್ಮನನ್ನು ಕೂರಿಸಿಕೊಂಡು ಬಂಗಾರಪೇಟೆ ಬಜಾರಿಗೆ ಹೋದ. ಮುಂದೆ ಬಸ್ಸು ನಿಂತಿತ್ತು, ಅದರ ಪಕ್ಕದಲ್ಲಿ ಬುಟ್ಟಿ ಇಟ್ಟುಕೊಂಡು ಹೂವಿನವಳು. ಕ್ಲಚ್ಚು ಪೂರ್ತಿ ತುಳಿದಿದ್ದೇನೆ ಎಂದುಕೊಂಡೇ ಫಸ್ಟ್ ಗೇರಿನಲ್ಲಿ ನಿಂತಿದ್ದ. ಪಾದ ಯಾವಾಗ ಜಾರಿತೋ ದೇವರಿಗೇ ಗೊತ್ತು. ಗಾಡಿ ಚಂಗನೆ ಹಾರಿ ಬುಟ್ಟಿಯ ಮೇಲೆ ಹತ್ತಿತು. ಹೂವಿನವಳ ಸೀರೆ ಸೆರಗು ಚಕ್ರದಡಿ. ಒಂದು ಗೇಣು ಈಚೆ ಕೂತಿದ್ದರೆ ಅವಳೇ.

"ಕಣ್ಣು ಬಾಡಿಗೆಗೆ ಕೊಟ್ಟಿದ್ದೀಯೇನೋ ಮುಂಡೇಮಗನೇ!" ಎಂದು ಅವಳು ಕೂಗಾಡಿದಳು. ಮೂರು ಭಾಷೆಯಲ್ಲಿ ಬೈಯುವವನು ಕೆಳಗೆ ಬಗ್ಗಿ ತನ್ನ ಕಾಲನ್ನು ಕೈಯಿಂದ ಎತ್ತಿ ಪಕ್ಕಕ್ಕಿಟ್ಟ. ವೆಂಕಟರತ್ನಮ್ಮ ಅದನ್ನು ನೋಡಿಬಿಟ್ಟಳು.

"ಎಷ್ಟು ದಿನದಿಂದ ಸೆಲ್ವ?"

"ತುಂಬಾ ದಿನ ಆಯ್ತಮ್ಮಾ."

ವೆಂಕಟರತ್ನಮ್ಮ ಫೋನಿನಲ್ಲಿ ಎಲ್ಲ ಹೇಳಿದ್ದೇ ತಡ, ಬಚ್ಚಪ್ಪ ತಮ್ಮನ ಮಗ ವೆಂಕಿಯನ್ನು ಕರೆದುಕೊಂಡು ಬೈಕಿನಲ್ಲಿ ಓಡಿ ಬಂದ. ಹೂವಿನವಳನ್ನು ಸಮಾಧಾನ ಮಾಡಿ ಕಳಿಸಿ, ಸೆಲ್ವರಾಜನ ಎದುರು ನಿಂತ. ಬೈಯುತ್ತಾನೆಂದು ಇವನು ಕಾದ. ಬೈದಿದ್ದರೆ ಇವನೂ ತಿರುಗಿ ಬೈದು ಹಗುರಾಗುತ್ತಿದ್ದ.

"ಒಂದ್ ಮಾತು ಏಳಿದ್ರೆ ಆ ಇನ್ನೊಂದು ತತ್ತಿದ್ನಲ್ಲೋ," ಎಂದ ಬಚ್ಚಪ್ಪ ಮೆಲ್ಲಗೆ. "ಅದು ಚಿಕ್ಕುಡ್ಗಿ, ಏನೋ ಅಂದ್ಲು. ನಾನೂ ತಮಾಸೆಗಂದೆ. ಅವ್ಳ ಕೈಗೆ ನಾನು ಮನೆಮಂದೀನೆಲ್ಲ ಕೊಡ್ತಿದ್ನೇನ್ಲಾ? ನಿನ್ ಕೈಗೇ ಅಲ್ವೇನ್ಲಾ ಕೊಟ್ಟಿದ್ದು?"

ಸೆಲ್ವರಾಜ್ ಬೀಗದ ಕೈ ಕಿತ್ತು ಅವನ ಅಂಗೈಯಲ್ಲಿಟ್ಟ.

ಅವನನ್ನು ಕೋರಮಂಡಲ್‌ವರೆಗೆ ಬಿಟ್ಟುಬರಲು ವೆಂಕಿ ಸ್ಟೀರಿಂಗ್ ಹಿಡಿದ. ಮುಂದಿನ ಸೀಟಿಗೆ ಕರೆದರೂ ಸೆಲ್ವರಾಜ್ ಹೋಗಲಿಲ್ಲ, ಹಿಂದೆ ಕೂತ. ಅಷ್ಟು ವರ್ಷ ಎಷ್ಟೋ ಜನರನ್ನು ಹಿಂದೆ ಕೂರಿಸಿಕೊಂಡು ತಿರುಗಿದವನಿಗೆ, ಅಲ್ಲಿ ಕೂತರೆ ಕೈ ಎಲ್ಲಿಡಬೇಕೆಂದು ತಿಳಿಯಲಿಲ್ಲ. ದಾರಿಯಲ್ಲಿ ವೆಂಕಿ ಗೇರು ತಡಮಾಡಿ ಹಾಕಿದ, ಇಂಜಿನ್ ಮುಕ್ಕಿರಿಯಿತು. ಸೆಲ್ವರಾಜನ ಎಡಗೈ ತಾನಾಗಿ ಗೇರು ಹುಡುಕಿತು.

ಗಾಡಿ ಸದ್ದು ಕೇಳಿ ಶ್ಯಾಮಲ ಬಾಗಿಲಿಗೆ ಬಂದಳು. ಗಂಡ ಹಿಂದಿನ ಬಾಗಿಲಿನಿಂದ ಇಳಿಯುವುದನ್ನು ನೋಡಿದಳು. ಹೋಗಿ ಅವನ ತೋಳು ಹಿಡಿದುಕೊಂಡಳು. ಬಿಡು ಎಂದು ಅವನು ಗದರಲಿಲ್ಲ.