ಟೈಲರ್ ಅಕ್ಕನಿಗೆ ಸುದ್ದಿ ಹೇಳುವ ಬಗೆ

ಟೈಲರ್ ಅಕ್ಕನ ಅಂಗಡಿಗೆ ಬೀದಿಯವರೆಲ್ಲ ದೂರದಿಂದಲೇ ಕೆಮ್ಮುತ್ತ ಬರುತ್ತಾರೆ. ಗಾಬರಿಯಾದರೂ ಖುಷಿಯಾದರೂ ಮೈಯಲ್ಲಿ ಉಕ್ಕುವ ಹಾರ್ಮೋನು ಅವಳಿಗೆ ಒಗ್ಗುವುದಿಲ್ಲ. ಎದೆ ಡವಡವ ಎಂದು ನಿಂತಲ್ಲೇ ಕುಸಿಯುತ್ತಾಳೆ. ಅಪರೂಪದ ಕಾಯಿಲೆ, ಹಿಂದೆ ಬಂದ ವೈರಲ್ ಜ್ವರದ ಕೊಡುಗೆ ಇರಬಹುದು ಎನ್ನುತ್ತಾರೆ ಡಾಕ್ಟರು. ಹಾಗಾಗಿ ಅವಳೆದುರು ಜೋಕನ್ನೂ ಸಾವಿನ ಸುದ್ದಿಯಂತೆ ಹೇಳುವುದು ರೂಢಿ. "ನಗಿಸೋದಾದ್ರೆ ಮೊದಲೇ ಹೇಳ್ರಪ್ಪ, ಸೂಜಿ ಕೆಳಗಿಡ್ತೀನಿ," ಎನ್ನುತ್ತಾಳೆ. ಮೊನ್ನೆ ಆಸ್ಪತ್ರೆಯಿಂದ ಅಳಿಯನ ಫೋನು. "ಅತ್ತೆ, ಅವಸರ ಏನಿಲ್ಲ, ಹೆರಿಗೆ ಆಯ್ತು, ಇಬ್ಬರೂ ಆರಾಮಾಗಿದಾರೆ," ಎಂದು ಕರೆಂಟ್ ಬಿಲ್ ಓದುವವನಂತೆ ಹೇಳಿದ. ಅಕ್ಕ ಮಷೀನು ನಿಲ್ಲಿಸಿದಳು. ದೇವರನ್ನು ನೆನೆದು, ಬಟ್ಟೆಚೂರುಗಳ ಗಂಟನ್ನು ತಲೆಗಿಟ್ಟುಕೊಂಡು ನೆಲದ ಮೇಲೆ ಉದ್ದಕ್ಕೆ ಮಲಗಿದಳು. "ಮಲಗಿದೀನಿ, ಇನ್ನು ಬೀಳೋ ಭಯ ಇಲ್ಲ," ಎಂದಳು. "ಇದೊಂದನ್ನ ಖುಷಿಯಾಗೇ ಹೇಳಪ್ಪ."